ಸಿಗರೇಟು ಪಾಕೀಟಿನ ಅಜ್ಜಾರು

ಧೈರ್ಯವಂತರ ಬದುಕಿನಲ್ಲಿ ಏನೂ ನಡೆಯುವುದಿಲ್ಲ. ನಡೆಯುವುದೆಲ್ಲ ನನ್ನಂಥ ಪುಕ್ಕಲರಿಗೇ. ಐವತ್ತರ ದಶಕದಲ್ಲಿ ನಾನು ಹುನಗುಂದದ ಒಬ್ಬ ಡಾಕ್ಟರ ಖಾಸಗಿ ದವಾಖಾನೆಯಲ್ಲಿ ಕಂಪೌಂಡರನಾಗಿದ್ದೆ. ಡಾಕ್ಟರಿಗೆ ಹೆದರುತ್ತಿದ್ದೆ, ಅಪ್ಪನಿಗೆ ಹೆದರುತ್ತಿದ್ದೆ, ಪೊಲೀಸರಿಗೆ ಹೆದರುತ್ತಿದ್ದೆ. ಕಪಾಟಿನ ಬಾಟಲಿಯೊಳಗೆ ಡಾಕ್ಟರು ಇಟ್ಟಿದ್ದ ಚೇಳಿಗೂ ಹೆದರುತ್ತಿದ್ದೆ. ಅದು ಸತ್ತು ಎಷ್ಟೋ ವರ್ಷವಾಗಿತ್ತು. ಇಷ್ಟೆಲ್ಲ ಹೆದರುವವನು ತೆಪ್ಪಗೆ ಇರಬೇಕಿತ್ತು. ಇರದೆ ಒಂದು ಹುಚ್ಚು ಹಚ್ಚಿಕೊಂಡೆ. ಅದು ನನ್ನ ಮದುವೆಯನ್ನೇ ಮುರಿಯುವ ಹಂತಕ್ಕೆ ಹೋಗಿತ್ತು. ಈಗ ನೆನೆಸಿಕೊಂಡು ನಗುತ್ತೇನೆ, ಆದರೆ ಅಂಗೈ ಈಗಲೂ ಬೆವರುತ್ತದೆ.

೧. ಅಪ್ಪನ ಮೂಗು

ಯುದ್ಧಕ್ಕೆ ಮೊದಲು ಕೆಲವು ಸಿಗರೇಟು ಪಾಕೀಟುಗಳೊಳಗೆ ಬೆರಳುದ್ದದ ದಪ್ಪ ಕಾಗದದ ಪಟವೊಂದು ಇರುತ್ತಿತ್ತು. ಮುಂದೆ ಕ್ರಿಕೆಟ್ ಆಟಗಾರನದೋ ಪೈಲ್ವಾನನದೋ ಬಣ್ಣದ ಚಿತ್ರ, ಹಿಂದೆ ಸಿಗರೇಟಿನ ಜಾಹೀರಾತು. ಯುದ್ಧ ಬಂದ ಮೇಲೆ ಅದು ನಿಂತುಹೋಯಿತು. ಹಳೆಯ ಪಟಗಳನ್ನು ಕೂಡಿಡುವ ಶೋಕಿ ಇದ್ದವರು ನಮ್ಮ ಕಡೆಯೂ ಒಬ್ಬಿಬ್ಬರು ಇದ್ದರು. ಅವರಿಗೆಲ್ಲ ಚೊಕ್ಕ ಪಟ ಬೇಕು. ನನಗೆ ಮಾತ್ರ ಕೆಟ್ಟವೇ ಬೇಕು. ಅಚ್ಚಿನಲ್ಲಿ ಬಣ್ಣ ಜಾರಿದ್ದು, ಕತ್ತರಿ ತಪ್ಪಿದ್ದು, ಒಬ್ಬನ ಚಿತ್ರದ ಕೆಳಗೆ ಇನ್ನೊಬ್ಬನ ಹೆಸರು ಬಿದ್ದದ್ದು. ನನ್ನ ಹತ್ತಿರ ಎರಡು ಜೋಡಿ ಮೀಸೆಯ ಪೈಲ್ವಾನನಿದ್ದ. ತಲೆಯೇ ಇಲ್ಲದೆ ಚೆಂಡು ಎಸೆಯುವವನೊಬ್ಬನಿದ್ದ. ಅವನ ತಲೆ ಪಕ್ಕದ ಪಟಕ್ಕೆ ಹೋಗಿತ್ತು. ಯಾರಿಗೂ ಬೇಡವಾದವರು ಎಂದೋ ಏನೋ, ಅವರನ್ನು ಕಂಡರೆ ನನಗೆ ತುಂಬ ಅಕ್ಕರೆ.

ಅಪ್ಪ ಬಾದಾಮಿಯಲ್ಲಿದ್ದರು. ನಿವೃತ್ತ ಸಾಲಿ ಮಾಸ್ತರರು. ಒಮ್ಮೆ ನನ್ನ ಅಂಗಿಯ ಕಿಸೆಯಲ್ಲಿ ಅವರಿಗೊಂದು ಪಟ ಸಿಕ್ಕಿತು. ಪಟ ಇದ್ದಲ್ಲಿ ಸಿಗರೇಟು ಇದ್ದೇ ಇರುತ್ತದೆ ಎಂದು ಅವರು ನಿಶ್ಚಯ ಮಾಡಿಬಿಟ್ಟರು. ಅಂದಿನಿಂದ ನಾನು ರವಿವಾರ ಮನೆಗೆ ಹೋದಾಗಲೆಲ್ಲ ಹೊಸ್ತಿಲಲ್ಲೇ ನಿಲ್ಲಿಸಿ, ಬಾಯಿ ತೆಗೆಸಿ ಮೂಸತೊಡಗಿದರು. ನಾನು ಜನ್ಮದಲ್ಲಿ ಒಂದು ಸಿಗರೇಟು ಸೇದಿದವನಲ್ಲ. ಆದರೂ ಬಸ್ಸಿನಲ್ಲಿ ಪಕ್ಕದವನು ಸೇದಿದ ಹೊಗೆ ನನ್ನ ಬಾಯಿಗೆ ಹೊಕ್ಕಿದ್ದರೆ ಏನು ಗತಿ? ಹೆದರಿ ಒಂದು ರವಿವಾರ ನಾಲ್ಕು ಯಾಲಕ್ಕಿ ಅಗಿದುಕೊಂಡು ಹೋದೆ.

ಅಪ್ಪ ಮೂಸಿದರು. ಕನ್ನಡಕ ತೆಗೆದು ಇನ್ನೊಮ್ಮೆ ಮೂಸಿದರು.

"ಯಾಲಕ್ಕಿ ಯಾಕ ತಿಂದಿ?"

ಸುಮ್ಮನೆ ತಿಂದೆ ಎಂದೆ. ಸುಮ್ಮನೆ ಯಾರೂ ನಾಲ್ಕು ಯಾಲಕ್ಕಿ ತಿನ್ನುವುದಿಲ್ಲ ಎಂದು ಅಪ್ಪ ಅಂದರು. ಒಳಗೆ ಹೋಗಿ, ಮಗ ಕೈ ಮೀರಿ ಹೋದ ಎಂದು ಅವ್ವನಿಗೆ ಹೇಳಿದರು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅತ್ತಳು.

ಮುಂದಿನ ವಾರ ಏನೂ ತಿನ್ನದೆ ಹೋದೆ. ಅಪ್ಪ ಬಹಳ ಹೊತ್ತು ಮೂಸಿದರು. ಏನೂ ಸಿಗದೆ ಇನ್ನೂ ಗಂಭೀರರಾದರು.

"ನೋಡಿದೇನ," ಎಂದರು ಅವ್ವನಿಗೆ, "ಬಾಯಿ ತೊಳಕೊಂಡು ಬಂದಾನ."

೨. ಗಾರ್ಡ್ ಸಾಹೇಬರ ಕೆಮ್ಮು

ಬಾಗಲಕೋಟೆಯಲ್ಲಿ ನಿವೃತ್ತ ರೇಲ್ವೆ ಗಾರ್ಡ್ ಒಬ್ಬರಿದ್ದರು. ಅವರ ಹತ್ತಿರ ಒಂದು ಹಳೆಯ ಸಿಗರೇಟಿನ ಡಬ್ಬಿ ತುಂಬ ಪಟಗಳಿದ್ದವು. ಎಲ್ಲ ಚೊಕ್ಕವು, ಒಂದನ್ನು ಬಿಟ್ಟು. ಆ ಒಂದರಲ್ಲಿ ಹೊಕ್ಕುಳ ತನಕ ಗಡ್ಡ ಬಿಟ್ಟ ಬಿಳಿಯ ಆಟಗಾರನೊಬ್ಬ ಬ್ಯಾಟು ಹಿಡಿದು ನಿಂತಿದ್ದ. ಅವನ ಟೊಪ್ಪಿಗೆಯ ಮೇಲೆ ಬರಬೇಕಾದ ಹಳದಿ ಬಣ್ಣ ಅಚ್ಚಿನಲ್ಲಿ ಜಾರಿ, ತಲೆಯ ಹಿಂದೆ ದುಂಡಗೆ ಬಿದ್ದು, ದೇವರ ಚಿತ್ರಗಳಲ್ಲಿರುವ ಪ್ರಭೆಯಂತೆ ಆಗಿತ್ತು. ಅದನ್ನು ಕಂಡ ದಿನ ನನಗೆ ನಿದ್ದೆ ಬರಲಿಲ್ಲ.

ಗಾರ್ಡ್ ಸಾಹೇಬರಿಗೆ ನಮ್ಮ ದವಾಖಾನೆಯ ಸಿಹಿ ಕೆಮ್ಮಿನ ಔಷಧ ಬಲು ಪ್ರೀತಿ. ಎರಡು ಬಾಟಲಿ ಕೊಟ್ಟರೆ ಗಡ್ಡದವನು ನಿನಗೆ ಎಂದರು. ಚೀಟಿ ಇಲ್ಲದೆ ಒಂದು ಹನಿ ಕೊಟ್ಟರೂ ಡಾಕ್ಟರು ನನ್ನ ಕೆಲಸ ತೆಗೆಯುತ್ತಿದ್ದರು. ನೀವೇ ಹುನಗುಂದಕ್ಕೆ ಬಂದು ಡಾಕ್ಟರ ಮುಂದೆ ನಾಲ್ಕು ಸಲ ಕೆಮ್ಮಿಬಿಡಿ, ಚೀಟಿ ತಾನೇ ಸಿಗುತ್ತದೆ ಎಂದು ಹೇಳಿಕೊಟ್ಟೆ.

ಬಂದರು. ನಾಲ್ಕು ಸಲ ಕೆಮ್ಮಿ ಎಂದರೆ ನಲವತ್ತು ಸಲ ಕೆಮ್ಮಿದರು. ಕಟ್ಟೆಯ ಮೇಲೆ ಕುಳಿತಿದ್ದ ರೋಗಿಗಳು ಎದ್ದು ದೂರ ಹೋದರು. ಡಾಕ್ಟರು ಬೆನ್ನಿಗೆ ನಳಿಗೆ ಹಚ್ಚಿ ಕೇಳಿ ಮುಖ ಕಪ್ಪಗೆ ಮಾಡಿಕೊಂಡರು. ಸಿಹಿ ಔಷಧದ ಮಾತೇ ಇಲ್ಲ, ಇಂಜೆಕ್ಷನ್ ಬರೆದರು. ಸೂಜಿ ಕುದಿಸಲು ಇಟ್ಟವನು ನಾನೇ. ಗಾರ್ಡ್ ಸಾಹೇಬರು ಆ ಸೂಜಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಕೆಮ್ಮು ನಿಂತೇ ಹೋಯಿತು ಎಂದು ಡಾಕ್ಟರಿಗೆ ಹೇಳಿದರು.

"ಹಂಗ ಒಮ್ಮಿಗೇ ನಿಂತ್ರ ಇನ್ನೂ ಅಪಾಯ," ಎಂದು ಡಾಕ್ಟರು ಇನ್ನೆರಡು ಇಂಜೆಕ್ಷನ್ ಬರೆದರು.

ಮೂರನೆಯ ದಿನ, ಮೂರನೆಯದು ಮುಗಿದ ಮೇಲೆ, ಗಾರ್ಡ್ ಸಾಹೇಬರು ನನ್ನ ಮೇಜಿನ ಹತ್ತಿರ ಕುಂಟುತ್ತ ಬಂದರು. ಡಾಕ್ಟರಿಗೆ ಎಲ್ಲಿ ಹೇಳಿಬಿಡುತ್ತಾರೋ ಎಂದು ನಾನು ಕಪಾಟಿಗೆ ಅಂಟಿಕೊಂಡು ನಿಂತೆ. ಅವರು ಪಟವನ್ನು ಮೇಜಿನ ಮೇಲೆ ಒಗೆದರು.

"ತಗೋ, ಇಂವನ್ನ ನೀನ ಇಟ್ಟಕೋ. ಇಂವನ ಮಾರಿ ನೋಡಿದ್ರ ಸಾಕು, ನನಗ ಕುಂದರಾಕ ಆಗವಲ್ದು."

೩. ರಾಣಿ ಇಲ್ಲದ ಇಸ್ಪೀಟು

ಅಷ್ಟರಲ್ಲಿ ಇಳಕಲ್ಲಿನಿಂದ ಒಂದು ಸಂಬಂಧ ಬಂತು. ಹುಡುಗಿಯನ್ನು ನಾನು ಮೊದಲೇ ನೋಡಿದ್ದೆ. ಹಿಂದೊಮ್ಮೆ ಬೆರಳು ಸುಟ್ಟುಕೊಂಡು ದವಾಖಾನೆಗೆ ಬಂದಿದ್ದಳು. ಪಟ್ಟಿ ಕಟ್ಟುವಾಗ ನನ್ನ ಕೈ ನಡುಗುವುದನ್ನು ಕಂಡು, "ನಿಮಗ ನೋಯ್ತಿದ್ದರ ಬಿಡ್ರಿ," ಎಂದಿದ್ದಳು. ಆಗಿನಿಂದ, ಮದುವೆಯಾದರೆ ಇವಳನ್ನೇ ಆಗಬೇಕು ಎಂದು ಮನಸ್ಸು ಹಿಡಿದು ಕೂತಿತ್ತು.

ಅಪ್ಪನಿಗೆ ಮೊಣಕಾಲು ನೋವು. ಹೆಣ್ಣು ನೋಡಲು ನನ್ನ ಜೊತೆ ಸೋದರಮಾವನನ್ನು ಕಳಿಸಿದರು. ಹುನಗುಂದದಿಂದ ತಂದಿದ್ದ ನನ್ನ ಪಟಗಳ ಡಬ್ಬಿಯನ್ನು ಬಾದಾಮಿಯಲ್ಲಿ ಬಿಟ್ಟರೆ ಅಪ್ಪ ಹುಡುಕುತ್ತಾರೆ ಎಂಬ ಹೆದರಿಕೆಗೆ ಅದನ್ನು ದಾರದಿಂದ ಬಿಗಿದು ಬಗಲಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ಅಮೀನಗಡದಲ್ಲಿ ಬಸ್ಸು ನಿಂತಿತು. ಬರಿಗೈಯಲ್ಲಿ ಹೋಗಬಾರದೆಂದು ಮಾವ ಕರದಂಟು ತರಲು ಇಳಿದ. ಅವನು ಅತ್ತ ಹೋದ, ಇತ್ತ ಹವಾಲ್ದಾರರು ಹತ್ತಿದರು.

ಮುಂಬಯಿ ರಾಜ್ಯದ ದಾರೂಬಂದಿ, ಅಂದರೆ ಪಾನನಿಷೇಧದ ಕಾಲ ಅದು. ಹವಾಲ್ದಾರರು ಬಾಟಲಿ ಹುಡುಕಲು ಬಂದವರು. ಬಸ್ಸಿನಲ್ಲಿ ಬೆವರುತ್ತಿದ್ದವನು ನಾನೊಬ್ಬನೇ. ನೇರವಾಗಿ ನನ್ನ ಹತ್ತಿರವೇ ಬಂದು ಡಬ್ಬಿ ಬಿಚ್ಚಿಸಿದರು. ಬಾಟಲಿ ಇಲ್ಲ, ಮೂವತ್ತೊಂದು ಪಟ. ಕೆಳಗಿಳಿಸಿ, ಬಸ್ಸಿನ ಮುಂದೆ ನೆಲದ ಮೇಲೆ ಒಂದೊಂದಾಗಿ ಹಾಸಿದರು. ಮಂದಿ ಸುತ್ತುಗಟ್ಟಿದರು.

"ಜೂಜಿನ ಎಲಿ," ಎಂದರು ಹವಾಲ್ದಾರರು. "ಇದರಾಗ ರಾಜಾ ಯಾಂವ?"

"ರಾಜಾ ಇಲ್ರಿ."

"ರಾಣಿ?"

"ಅಕೀನೂ ಇಲ್ರಿ. ಎಲ್ಲಾ ಗಂಡಸರ ಅದಾರ್ರಿ."

ರಾಜ ರಾಣಿ ಇಲ್ಲದ ಇಸ್ಪೀಟು ಯಾವ ಊರಿನದು ಎಂದು ಅವರು ಕೇಳಿದರು. ತಲೆ ಇಲ್ಲದವನನ್ನು ಎತ್ತಿ ಹಿಡಿದು, ಇವನಿಗೆ ಎಷ್ಟು ಅಂಕ ಎಂದು ಕೇಳಿದರು. ಹೆಣ್ಣು ನೋಡಲು ಹೊರಟವನು ಜೂಜಿನ ಕೇಸಿನಲ್ಲಿ ಸಿಕ್ಕಿಬಿದ್ದ ಎಂಬ ಸುದ್ದಿ ನನಗಿಂತ ಮೊದಲು ಇಳಕಲ್ ಮುಟ್ಟುವುದು ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಕರದಂಟಿನ ಪೊಟ್ಟಣ ಹಿಡಿದು ಮಾವ ಬಂದ. ಅಬ್ಬಾ ಬದುಕಿದೆ ಎಂದುಕೊಂಡೆ. ಮಾವ ಹಾಸಿದ ಪಟಗಳನ್ನು ನೋಡಿದ. ಅವನ ಮುಖ ಅರಳಿತು.

"ಮೊದಲ ಹೇಳಬಾರದೇನಲೇ, ಬಸ್ಸಿನ್ಯಾಗ ಹೊತ್ತು ಹೋಗ್ತಿತ್ತು," ಎಂದು ಧೋತರದ ಕಚ್ಚೆ ಸರಿಮಾಡಿಕೊಂಡು ಕುಕ್ಕರಗಾಲಲ್ಲಿ ಕೂತ. "ನನಗೂ ಒಂದ ಕೈ ಹಾಕ್ರಿ, ಹವಾಲ್ದಾರ್ ಸಾಹೇಬರ."

ಆಮೇಲೆ ಅರ್ಧ ಪೊಟ್ಟಣ ಕರದಂಟು ತಿಂದು ಹವಾಲ್ದಾರರು ನಮ್ಮನ್ನು ಬಿಟ್ಟರು. ಎರಡು ಜೋಡಿ ಮೀಸೆಯ ಪೈಲ್ವಾನನನ್ನು ಮಾತ್ರ ಸಾಕ್ಷಿಗೆ ಎಂದು ಇಟ್ಟುಕೊಂಡರು. ಇದು ಯಾವ ಆಟ ಎಂದು ಗೊತ್ತಾದ ದಿನ ಬಂದು ಹಿಡಿಯುತ್ತೇನೆ ಎಂದು ನನ್ನ ಹೆಸರನ್ನೂ ಬರೆದುಕೊಂಡರು.

೪. ಕಿಸೆಯಿಂದ ಬಿದ್ದವರು

ಮುಂದೆ ಎಲ್ಲಾದರೂ ಮತ್ತೆ ತಪಾಸಣೆಯಾದರೆ ಅವನೊಬ್ಬನಾದರೂ ಉಳಿಯಲಿ ಎಂದು ಗಡ್ಡದವನನ್ನು ಎದೆಯ ಕಿಸೆಗೆ ಸೇರಿಸಿದ್ದೆ. ಹಾಗೇ ಇಳಕಲ್ಲಿನ ಮನೆ ಹೊಕ್ಕೆ.

ಆ ಮನೆಯಲ್ಲಿ ಹುಡುಗಿಯ ಅಜ್ಜಿಯದೇ ಆಡಳಿತ. ಎಲ್ಲರೂ ಆಯಿ ಎನ್ನುತ್ತಿದ್ದರು. ಶರಣರ ಭಕ್ತರು, ಬೆಳಿಗ್ಗೆ ಲಿಂಗಪೂಜೆ ಆಗದೆ ನೀರು ಮುಟ್ಟದವರು. ತಂಬಾಕಿನ ಹೆಸರು ಎತ್ತಿದರೆ ಅವರಿಗೆ ಬೆಂಕಿ. ಹಿಂದೆ ಬಂದಿದ್ದ ಒಬ್ಬ ವರನನ್ನು ಬೆರಳ ತುದಿ ಹಳದಿಯಾಗಿದೆ ಎಂಬ ಒಂದೇ ಕಾರಣಕ್ಕೆ ಚಹಾ ಕೊಡದೆ ಕಳಿಸಿದ್ದರಂತೆ. ಇದನ್ನು ಹುಡುಗಿಯ ಅಪ್ಪ ಅಭಿಮಾನದಿಂದ ಹೇಳುತ್ತಿದ್ದಾಗ ನಾನು ಮೆಲ್ಲಗೆ ಕೈಗಳನ್ನು ತೊಡೆಯ ಕೆಳಗೆ ಸೇರಿಸಿದೆ. ಯಾಕೆಂದರೆ ದಿನಾ ಅಯೋಡಿನ್ ಹಚ್ಚಿ ಹಚ್ಚಿ ನನ್ನ ಹತ್ತೂ ಬೆರಳು ಹಳದಿಯಾಗಿದ್ದವು.

"ತಮ್ಮಾ, ಕೈ ತೋರಸು," ಎಂದರು ಆಯಿ.

ತೋರಿಸಿದೆ. ಅದು ಔಷಧದ ಕಲೆ ಎಂದು ನಾನು ಹೇಳಿದ್ದು ನನಗೇ ಸುಳ್ಳೆನಿಸುವಂತೆ ಕೇಳಿಸಿತು. ಬಾಗಿಲ ಸಂದಿಯಲ್ಲಿ ಹುಡುಗಿಯ ಮುಖ ಬಾಡಿದ್ದು ಕಂಡಿತು. ಎಲ್ಲ ಮುಗಿಯಿತು ಎಂದುಕೊಂಡೆ. ಹೋಗುವ ಮೊದಲು ಹಿರಿಯರಿಗೆ ಶರಣು ಮಾಡಿಬಿಡೋಣ ಎಂದು ಬಗ್ಗಿದೆ. ಎದೆಯ ಕಿಸೆಯಿಂದ ಗಡ್ಡದವನು ಜಾರಿ ಆಯಿಯ ಪಾದದ ಮೇಲೆ ಬಿದ್ದ.

ಆಯಿ ಎತ್ತಿಕೊಂಡರು. ಗಡ್ಡ ನೋಡಿದರು, ತಲೆಯ ಹಿಂದಿನ ಹಳದಿ ಪ್ರಭೆ ನೋಡಿದರು. ಅಜ್ಜಾರು ಎಂದರೆ ನಮ್ಮ ಕಡೆ ಮಠದ ಸ್ವಾಮಿಗಳು. "ಯಾವ ಮಠದ ಅಜ್ಜಾರು ಇವರು?" ಎಂದರು.

ಭಾಳ ದೂರದ ಮಠ ಎಂದಿತು ನನ್ನ ಬಾಯಿ. ಅದಕ್ಕೆ ನಾನು ಜವಾಬ್ದಾರನಲ್ಲ. ಉಳಿದದ್ದನ್ನೆಲ್ಲ ಆಯಿಯೇ ಕಂಡುಹಿಡಿದರು. ಕೈಯಲ್ಲಿರುವುದು ಬಟ್ಟೆ ಬಡಿಯುವ ಕಟ್ಟಿಗೆ, ಅಂದರೆ ಮಡಿವಾಳ ಕಾಯಕದ ಶರಣರು. ಕಾಲಿಗೆ ಕಟ್ಟಿದ ಪ್ಯಾಡು ನೋಡಿ ಅವರ ಕಣ್ಣಲ್ಲಿ ನೀರು ಬಂತು.

"ನಿಂತು ನಿಂತು ತಪಸ್ಸು ಮಾಡಿ ಪಾಪ ಎರಡೂ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡಾರ," ಎಂದು ನನ್ನ ಬೆರಳುಗಳ ಕಡೆ ತಿರುಗಿದರು. "ಅದಕ್ಕ ನೋಡು, ಪಟ್ಟಿ ಕಟ್ಟುವವನ ಕಿಸೆದಾಗ ಬಂದು ಕುಂತಾರ."

ಪಟದ ಹಿಂದೆ ಇಂಗ್ಲಿಷಿನಲ್ಲಿ ಇರುವುದೇನು ಎಂದು ಹುಡುಗಿಯ ಅಪ್ಪ ಕೇಳಿದರು. ಸಿಗರೇಟು ಕಂಪನಿಯ ಇಬ್ಬರು ಮಾಲೀಕರ ಹೆಸರು ಅದು, ಕೆಳಗೆ ಹೊಗೆಯಾಡುವ ಸಿಗರೇಟಿನ ಸಣ್ಣ ಚಿತ್ರ. ಅದು ಅವರ ಭಕ್ತರ ಹೆಸರು ಎಂದೆ. ಆಯಿ ಪಟವನ್ನು ತಿರುಗಿಸಿ ಹಿಂಬದಿಯನ್ನೂ ಒಂದು ಗಳಿಗೆ ನೋಡಿದರು. ಆಮೇಲೆ ಒಂದು ಸೀನು ಸೀನಿ, ಹುಡುಗ ಒಪ್ಪಿಗೆ ಎಂದುಬಿಟ್ಟರು. ಅವರಿಗೆ ಯಾವಾಗಲೂ ನೆಗಡಿ. ಸ್ವಲ್ಪ ನೀಲಗಿರಿ ಎಣ್ಣೆ ಕಳಿಸಲೇ ಎಂದು ಕೇಳಿದೆ, ಬೇಡ ಎಂದರು.

ಹೆಣ್ಣು ಸಿಕ್ಕಿತು, ಪಟ ಹೋಯಿತು. ಎಂಟು ದಿನದಲ್ಲಿ ಅಜ್ಜಾರು ಚೌಕಟ್ಟು ಹಾಕಿಸಿಕೊಂಡು, ಮೂರು ಬೆರಳು ವಿಭೂತಿ ಬಳಿಸಿಕೊಂಡು, ಆ ಮನೆಯ ದೇವರ ಜಗಲಿ ಏರಿದರು.

೫. ಸ್ವಾಮಿಗಳ ಇಂಗ್ಲಿಷು

ಚೌಕಟ್ಟಿನವನು ಹಿಂದೆ ಹಲಗೆ ಬಡಿದಿರಲಿಲ್ಲ, ನಾಲ್ಕು ಮೊಳೆ ಬಗ್ಗಿಸಿ ಬಿಟ್ಟಿದ್ದ. ತಿರುಗಿಸಿದರೆ ಜಾಹೀರಾತು ಢಾಳಾಗಿ ಕಾಣುತ್ತಿತ್ತು. ಇಂಗ್ಲಿಷ್ ಬಲ್ಲ ನೆಂಟ ಒಬ್ಬ ಆ ಮನೆಗೆ ಬಂದರೆ ನನ್ನ ಮದುವೆ ಮುರಿಯಿತು. ಎರಡು ತಿಂಗಳು ಇದೇ ಚಿಂತೆ. ಒಬ್ಬ ರೋಗಿಗೆ ಕಿವಿಯ ಔಷಧವನ್ನು ಕುಡಿಯಲು ಕೊಡಹೋದೆ, ಅವನೇ ನನ್ನನ್ನು ತಡೆದ.

ನಿಶ್ಚಯಕ್ಕೆ ಮೊದಲು ಆ ಮನೆಯ ಗುರುಗಳನ್ನು ಪಾದಪೂಜೆಗೆ ಕರೆಸಿದರು. ನನಗೂ ಹೇಳಿ ಕಳಿಸಿದರು. ಹೋಗಿ ಕೇಳಿದರೆ, ಸ್ವಾಮಿಗಳು ಸನ್ಯಾಸಕ್ಕೆ ಮೊದಲು ಧಾರವಾಡದಲ್ಲಿ ಕಾಲೇಜು ಓದಿದವರು. ನಾನು ಮೆಲ್ಲಗೆ ಹೊರಬಾಗಿಲ ಹತ್ತಿರ ಸರಿದು ಕೂತೆ.

ಪೂಜೆ ಮುಗಿದ ಮೇಲೆ, ಅಳಿಯ ಆಗುವವರು ತಂದುಕೊಟ್ಟ ಅಜ್ಜಾರನ್ನು ಗುರುಗಳಿಗೆ ತೋರಿಸಬೇಕು ಎಂದು ಹುಡುಗಿಯ ಅಪ್ಪ ಎದ್ದರು. ಆಯಿ ಅವರಿಗಿಂತ ಮೊದಲು ಎದ್ದರು. ಯಾರೂ ಮುಟ್ಟಬೇಡಿ, ನಾನೇ ತರುತ್ತೇನೆ ಎಂದು, ಆ ವಯಸ್ಸಿನಲ್ಲಿ ಓಡಿದಂತೆ ಹೋಗಿ, ಸೆರಗಿನಲ್ಲಿ ಮುಚ್ಚಿಕೊಂಡು ತಂದರು. ಸ್ವಾಮಿಗಳು ಮುಂದೆ ನೋಡಿದರು. ಹಿಂದೆ ತಿರುಗಿಸಿದರು. ಓದಿದರು. ಇಡೀ ಜಾಹೀರಾತಿನಲ್ಲಿ ಇದ್ದದ್ದು ಆರೇಳು ಶಬ್ದ. ಅವನ್ನು ಓದಲು ಅವರಿಗೆ ನನ್ನ ಅರ್ಧ ಆಯುಷ್ಯ ಹಿಡಿಯಿತು. ಆಮೇಲೆ ಕಣ್ಣೆತ್ತಿ ನನ್ನನ್ನು ನೋಡಿದರು.

"ಇವರು ಭಾಳ ದೊಡ್ಡ ಸಾಧಕರು," ಎಂದರು ಸ್ವಾಮಿಗಳು. "ಮುಂಜಾನಿ ನಿಂತರ ಸಂಜಿತನಕ ಜಾಗಾ ಬಿಟ್ಟು ಕದಲತಿರಲಿಲ್ಲ. ಹನ್ನೊಂದು ಮಂದಿ ಸುತ್ತಗಟ್ಟಿ ಕಾಡಿದ್ರೂ ಜಗ್ಗಲಿಲ್ಲ."

ಆಯಿ ಗಲ್ಲ ಗಲ್ಲ ಬಡಿದುಕೊಂಡರು. ಹುಡುಗಿಯ ಅಪ್ಪ ಅಲ್ಲೇ ಅಡ್ಡಬಿದ್ದರು.

ಹೊರಡುವಾಗ ಸ್ವಾಮಿಗಳು ನನ್ನನ್ನು ಪಕ್ಕಕ್ಕೆ ಕರೆದು, ಸಿಗರೇಟು ಸೇದುತ್ತೀಯೇನು ಎಂದು ಕೇಳಿದರು. ಇಲ್ಲ ಎಂದು ಎಲ್ಲವನ್ನೂ ಹೇಳಿದೆ. ಯಾರಿಗೂ ಬೇಡವಾದ ಕೆಟ್ಟ ಪಟಗಳ ಮೇಲಿನ ಅಕ್ಕರೆಯನ್ನೂ ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ.

"ಹಂಗಾರ ಹೆದರಬ್ಯಾಡ. ಆದ್ರ ಇಂವನ್ನ ವಾಪಸ್ ತಗೋತೇನಿ ಅಂತ ಆಸೆ ಇಟ್ಟಕೋಬ್ಯಾಡ. ಔಟ್ ಅಂತ ಹೇಳಿದ್ರೂ ಜಾಗಾ ಬಿಟ್ಟು ಹೋಗೂ ಪೈಕಿ ಅಲ್ಲಂತ ಈತ. ಇನ್ನ ಜಗಲಿ ಬಿಡ್ತಾನೇನು?"

೬. ಮತ್ತೆ ಅಪ್ಪನ ಮೂಗು

ಇನ್ನೇನೂ ಭಯವಿಲ್ಲ ಎಂದು ನಿಶ್ಚಯದ ದಿನ ಹೊಸ ಅಂಗಿ ತೊಟ್ಟು ಹೋದೆ. ಆದರೆ ಅಪ್ಪ ಬಂದಿದ್ದರು. ಅವರ ಮೂಗೂ ಬಂದಿತ್ತು.

ಎರಡೂ ಕಡೆಯ ಹಿರಿಯರು ಸೇರಿದ ಮೇಲೆ ಬೀಗರು ಅಪ್ಪನನ್ನು ದೇವರ ಜಗಲಿಗೆ ಕರೆದೊಯ್ದರು. ಅಪ್ಪ ಕೈ ಮುಗಿದು ಬಗ್ಗಿದರು. ಬಗ್ಗಿದವರು ಹಾಗೇ ನಿಂತರು. ಅವರ ಮೂಗಿನ ಹೊಳ್ಳೆ ಅರಳುವುದನ್ನು ನಾನು ಈ ಕಡೆಯಿಂದಲೇ ಕಂಡೆ.

"ಇಲ್ಲಿ ತಂಬಾಕ ವಾಸನಿ ಬರಾಕತ್ತೈತಿ," ಎಂದರು ಅಪ್ಪ.

ನನಗೆ ಗಾರ್ಡ್ ಸಾಹೇಬರ ಸಿಗರೇಟಿನ ಡಬ್ಬಿ ನೆನಪಾಯಿತು. ಇಪ್ಪತ್ತು ವರ್ಷ ಅದರೊಳಗೆ ಮಲಗಿದ್ದ ಪಟ, ವಾಸನೆ ಹೋಗುತ್ತದೆಯೇ? ಅಪ್ಪ ತಿರುಗಿ ನನ್ನ ಕಡೆ ಬೆರಳು ಮಾಡಿ, "ಬಾಯಿ ತಗಿ," ಎಂದರು. ಬೀಗರು, ಬೀಗತಿಯರು, ಐದು ಮಂದಿ ಮುತ್ತೈದೆಯರು, ಎಲ್ಲರ ಎದುರು ನಾನು ಬಾಯಿ ತೆಗೆದು ನಿಂತೆ. ಹುಡುಗಿ ಬಾಗಿಲ ಸಂದಿಯಲ್ಲಿ ಕಣ್ಣು ಮುಚ್ಚಿಕೊಂಡಳು. ಅಪ್ಪ ಮೂಸಿದರು. ಇದಲ್ಲ ಎಂದು ತಲೆ ಆಡಿಸಿ, ಮೂಗು ಹೋದ ಕಡೆ ಹೋಗಿ, ಅಜ್ಜಾರ ಚೌಕಟ್ಟಿಗೆ ಕೈ ನೀಡಿದರು. ನನ್ನ ಮದುವೆಗೂ ಅಪ್ಪನ ಕೈಗೂ ನಡುವೆ ಇನ್ನು ನಾಲ್ಕು ಬೆರಳು ಅಂತರ.

"ಬೀಗರ," ಎಂದರು ಆಯಿ, "ಬಸ್ಸಿನ್ಯಾಗ ಬಂದ ಮೈಲಿಗಿ ಮೈಲೆ ಅಜ್ಜಾರನ್ನ ಮುಟ್ಟಬ್ಯಾಡ್ರಿ. ಜಳಕ ಮಾಡಿ ಬಂದು ಮುಟ್ಟ್ರಿ."

ಅಪ್ಪ ಹಾವು ಕಂಡವರಂತೆ ಕೈ ಹಿಂದೆ ತೆಗೆದರು. ಇಷ್ಟು ಭಕ್ತಿ ಇರುವ ಮನೆಗೆ ತಂಬಾಕು ಎಲ್ಲಿಂದ ಬರಬೇಕು, ನಿಮ್ಮ ಮೂಗಿಗೆ ವಯಸ್ಸಾಗಿದೆ ಎಂದು ಆಯಿ ಸೇರಿಸಿದರು. ತನ್ನ ಮೂಗನ್ನು ಅಪ್ಪ ಮೊದಲ ಸಲ ಅನುಮಾನಿಸಿದ್ದು ಆವತ್ತೇ. ಆಯಿ ಮೂರು ಸಲ ಸೀನಿದರು. ಶುಭವಾಯಿತು ಎಂದು ಯಾರೋ ಅಂದರು, ಎಲೆ ಅಡಿಕೆ ಬದಲಾಯಿತು, ನಿಶ್ಚಯ ಮುಗಿಯಿತು.

ಊಟವಾದ ಮೇಲೆ ಆಯಿ ನನ್ನೊಬ್ಬನನ್ನೇ ಜಗಲಿಯ ಹತ್ತಿರ ಕರೆದರು. ಆಚೆ ಈಚೆ ನೋಡಿ ಅಜ್ಜಾರ ಬೆನ್ನ ಹಿಂದೆ ಕೈ ಹಾಕಿದರು. ಕೈಯಲ್ಲಿ ಒಂದು ಸಣ್ಣ ಹಿತ್ತಾಳೆ ಡಬ್ಬಿ ಬಂತು. ಮುಚ್ಚಳ ತೆಗೆದು, ಒಂದು ಚಿಟಿಕೆ ತಂಬಾಕಿನ ನಶ್ಯ ಎರಡೂ ಹೊಳ್ಳೆಗೆ ಏರಿಸಿದರು.

"ನಿಮ್ಮ ಅಪ್ಪಾರ ಮೂಗು ಭಾಳ ಚುರುಕೈತಿ," ಎಂದರು. "ನೀ ಈ ಡಬ್ಬಿ ಬಗ್ಗೆ ಬಾಯಿ ಬಿಡಬ್ಯಾಡ. ಇಂವನ ಬೆನ್ನಿಗೆ ಬರದದ್ದರ ಬಗ್ಗೆ ನಾ ಬಿಡೂದಿಲ್ಲ. ನನಗ ಇಂಗ್ಲಿಷ ಬರೂದಿಲ್ಲ ಖರೆ, ಸಿಗರೇಟಿನ ಚಿತ್ರ ತಿಳಿಯೂದಿಲ್ಲೇನು?"

ಹಾಗಾದರೆ ಮೊದಲ ದಿನವೇ ಗೊತ್ತಿತ್ತೇ, ಗೊತ್ತಿದ್ದೂ ಯಾಕೆ ಒಪ್ಪಿದಿರಿ ಎಂದು ಹೇಗೋ ಕೇಳಿದೆ.

ಆಯಿ ಡಬ್ಬಿಯನ್ನು ಮತ್ತೆ ಅಜ್ಜಾರ ಬೆನ್ನಿಗೆ ಸೇರಿಸಿ, ಚೌಕಟ್ಟನ್ನು ನೆಟ್ಟಗೆ ನಿಲ್ಲಿಸಿದರು. ಪಕ್ಕದಲ್ಲಿದ್ದ ಬಸವಣ್ಣನವರ ಪಟಕ್ಕೆ ಕೈ ಮುಗಿದರು.

"ಮೂವತ್ತು ವರ್ಷ ಡಬ್ಬಿ ಇವರ ಹಿಂದ ಇಡತಿದ್ದೆ, ತಮ್ಮಾ. ದಿನಾ ಜೀವ ಹೆದರಿ ಸಾಯತಿತ್ತು. ನಿನ್ನ ಸಿಗರೇಟಿನ ಅಜ್ಜಾರು ಬಂದ ಮ್ಯಾಲ ನಿಶ್ಚಿಂತಿ ಆತು."